ಕ್ಯಾರಿಯರ್ ಮೇಲಿನ ತೂಕ

ಹೋದ ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟವನು ಬಸವೇಶ್ವರನಗರದ ನಮ್ಮ ಬೀದಿ ತುದಿಯ ಟೀ ಅಂಗಡಿಯ ಮುಂದೆ ನಿಂತುಬಿಟ್ಟೆ. ಹತ್ತು ಹನ್ನೆರಡು ಮಂದಿ ಸೈಕಲ್ ಸವಾರರು ಅಲ್ಲಿಳಿದು ಟೀ ಕುಡಿಯುತ್ತಿದ್ದರು. ಮೈಗಂಟಿದ ಬಣ್ಣಬಣ್ಣದ ಅಂಗಿ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ. ನನ್ನ ವಯಸ್ಸಿನವರಿಗೆ ಒಂದು ಚಾಳಿಯಿದೆ, ನೀವೂ ನೋಡಿರುತ್ತೀರಿ: ಕಂಡದ್ದನ್ನೆಲ್ಲ ಕೇಳದೆ ಮುಟ್ಟುವುದು. ಗೋಡೆಗೆ ಒರಗಿಸಿದ್ದ ಒಂದು ಸೈಕಲ್ಲಿನ ಮೇಲೆ ಕೈಯಿಟ್ಟೆ. ಅದರ ಯಜಮಾನ ಸಿಟ್ಟಾಗಲಿಲ್ಲ. "ಎತ್ತಿ ನೋಡಿ ಅಂಕಲ್" ಅಂದ. ಎತ್ತಿದೆ. ಅಬ್ಬಾ! ಎರಡು ಬೆರಳಿಗೆ ಎದ್ದು ಬಂತು.

"ಕ್ಯಾರಿಯರ್ ಎಲ್ಲಪ್ಪ?" ಅಂದೆ.

"ಅಯ್ಯೋ, ಕ್ಯಾರಿಯರ್ ಹಾಕಿದ್ರೆ ತೂಕ ಜಾಸ್ತಿ ಆಗುತ್ತೆ ಅಂಕಲ್. ಒಂದೊಂದು ಗ್ರಾಮ್ ಕಮ್ಮಿ ಮಾಡೋಕೆ ಒದ್ದಾಡ್ತಾ ಇದೀವಿ."

ನನಗೆ ನಗು ತಡೆಯಲಾಗಲಿಲ್ಲ. ಆತ ಪಾಪ, ಮುದುಕನಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಎಂಬತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ನಮ್ಮದೂ ಒಂದು ಸೈಕಲ್ ಸಂಘವಿತ್ತು. ಅಲ್ಲಿ ನಾವು ವರ್ಷವೆಲ್ಲ ಒದ್ದಾಡುತ್ತಿದ್ದದ್ದು ತೂಕ ಹೆಚ್ಚು ಮಾಡುವುದಕ್ಕೆ ಎಂದು ಹೇಳಿದ್ದರೆ ಆತ ನಂಬುತ್ತಿರಲಿಲ್ಲ. ನೀವಾದರೂ ನಂಬಬೇಕು.

ಸಂಘ ಎಂದರೆ ದೊಡ್ಡದೇನಲ್ಲ. ಒಬ್ಬ ಪೋಸ್ಟ್‌ಮ್ಯಾನ್, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಒಬ್ಬ ಟೈಲರ್, ಕಾರ್ಖಾನೆಯ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದ ನಾನು, ಹೀಗೆ ಒಂಬತ್ತು ಹತ್ತು ಜನ. ಎಲ್ಲರದ್ದೂ ಗೇರಿಲ್ಲದ, ಕಬ್ಬಿಣದ, ಕರೀ ಸೈಕಲ್ಲುಗಳು. ನಮ್ಮ ಕ್ಯಾಪ್ಟನ್ ಕೆಂಪಣ್ಣನವರು. ಮೂಡಲಪಾಳ್ಯದ ಒಕ್ಕಲು ಮನೆಯವರು, ಬಿನ್ನಿಪೇಟೆಯ ಮಿಲ್ಲಿನಲ್ಲಿ ಫಿಟ್ಟರ್. ಅವರನ್ನು ನಾನು ಮೊದಲು ನೋಡಿದ್ದು ಮಾಗಡಿ ರಸ್ತೆಯ ಏರಿನಲ್ಲಿ. ನಾನು ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಏದುಸಿರು ಬಿಡುತ್ತಿದ್ದೆ. ಪಕ್ಕದಲ್ಲಿ ಕೆಂಪಣ್ಣ ಸದ್ದಿಲ್ಲದೆ ಹತ್ತಿಹೋದರು. ಹಿಂದೆ ಕ್ಯಾರಿಯರ್ ಮೇಲೆ ಒಂದು ಪಕ್ಕಕ್ಕೆ ಕಾಲು ಬಿಟ್ಟು ಅವರ ಹೆಂಡತಿ ಕೂತಿದ್ದರು. ಆಕೆ ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು! ಸಿಪ್ಪೆ ರಸ್ತೆಗೆ, ಕಾಳು ಮಡಿಲಿಗೆ. ಸೈಕಲ್ ಒಂದಿಷ್ಟೂ ವಾಲಲಿಲ್ಲ, ಒಂದು ಕಾಳೂ ಕೆಳಗೆ ಬೀಳಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮಾರನೆಯ ವಾರವೇ ಹೋಗಿ ಸಂಘ ಸೇರಿದೆ.

ನಮ್ಮ ಪದ್ಧತಿ ಇಷ್ಟು. ಮಳೆ ಹಿಂದಾದ ಮೇಲೆ ಮೂರು ತಿಂಗಳ ಭಾನುವಾರಗಳು ತಾಲೀಮು. ಅವರೆಕಾಯಿ ಕಾಲದಲ್ಲಿ, ಚಳಿ ಗಟ್ಟಿಯಾಗಿರುವಾಗ, ಒಂದು ದಿನದ ಸವಾರಿ: ತುಮಕೂರು ರಸ್ತೆ ಹಿಡಿದು ದೇವರಾಯನದುರ್ಗದ ಬೆಟ್ಟ ಹತ್ತಿ, ಮೇಲೆ ಊಟ ಮಾಡಿ, ಕತ್ತಲಾಗುವುದರೊಳಗೆ ವಾಪಸ್ಸು. ಬೆಟ್ಟದ ದಾರಿಯಲ್ಲಿ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಆ ವರ್ಷ ಸೋತ ಹಾಗೆ. ಮೂರು ವರ್ಷ ಸೋತವನಿಗೆ ಅಲ್ಲಿಂದಾಚೆ ಸೈಕಲ್ಲಿಲ್ಲ, ತಾಲೀಮಿಲ್ಲ. ಊಟದ ಪಾತ್ರೆಗಳು ಬರುವ ಮೆಟಡಾರ್ ವ್ಯಾನಿನಲ್ಲಿ, ಪುಳಿಯೋಗರೆಯ ಪಕ್ಕದಲ್ಲಿ ಅವನಿಗೆ ಖಾಯಂ ಸೀಟು. ಯಾರೂ ನಗುತ್ತಿರಲಿಲ್ಲ, ಬಹಳ ಮರ್ಯಾದೆಯಿಂದಲೇ ಕೂರಿಸುತ್ತಿದ್ದರು. ಆ ಮರ್ಯಾದೆ ನೆನೆದರೇ ನನಗೆ ನಡುಕ, ಏಕೆಂದರೆ ಎರಡು ವರ್ಷ ಆಗಲೇ ಸೋತಿದ್ದೆ.

ತಾಲೀಮಿನ ಗುಟ್ಟೇ ಕ್ಯಾರಿಯರ್. ಪ್ರತಿಯೊಬ್ಬನೂ ಹಿಂದೆ ಒಬ್ಬರನ್ನು ಕೂರಿಸಿಕೊಂಡು ತುಳಿಯಬೇಕು. ಪೋಸ್ಟ್‌ಮ್ಯಾನ್ ತನ್ನ ಅತ್ತೆಯನ್ನೇ ಕೂರಿಸಿಕೊಂಡು ಬರುತ್ತಿದ್ದ. ಆಕೆ ದಾರಿಯುದ್ದಕ್ಕೂ ಅಳಿಯನನ್ನು ಬೈಯುತ್ತಿದ್ದರಿಂದ ಅವನ ವೇಗ ಎಲ್ಲರಿಗಿಂತ ಹೆಚ್ಚು. ಮೊದಲ ಎರಡು ವರ್ಷ ನಾನು ಜಾಣತನ ಮಾಡಿ ಮರಳಿನ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದೆ. ಎರಡನೆಯ ಸಲ ಸೋತು ಬಂದಾಗ ಕೆಂಪಣ್ಣ ಹೇಳಿದರು: "ಮರಳು ಮಾತಾಡಲ್ಲ ಸಾಮಿ. ನೀವು ವಾಲಿದ್ರೂ ಸುಮ್ನಿರುತ್ತೆ, ಬಿದ್ರೂ ಸುಮ್ನಿರುತ್ತೆ. ಜೀವ ಇರೋ ತೂಕ ತನ್ನಿ."

ಜೀವ ಇರುವ ತೂಕಕ್ಕೆ ಎಲ್ಲಿಗೆ ಹೋಗಲಿ? ಆಗ ನನಗೆ ಮದುವೆಯಾಗಿರಲಿಲ್ಲ. ಅಮ್ಮ "ಬೀದೀಲಿ ಹಾಗೆಲ್ಲ ಕೂರಲ್ಲಪ್ಪ" ಎಂದುಬಿಟ್ಟಳು. ಆಗ ಅಡುಗೆಮನೆಯಿಂದ ದನಿ ಬಂತು. "ನಾನ್ ಬರ್ತೀನಿ ಕಣೋ."

ಅದು ರುಕ್ಕತ್ತೆ, ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಆಗ ಅವಳಿಗೆ ಐವತ್ತೆರಡು. ನಮ್ಮ ಮನೆಯ ಅಡುಗೆ, ಉಪ್ಪಿನಕಾಯಿ, ಮಕ್ಕಳ ತಲೆಸ್ನಾನ, ಎಲ್ಲ ಅವಳದ್ದೇ. ಹೊರಗಿನ ಗಂಡಸರು ಬಂದರೆ ಬಾಗಿಲ ಹಿಂದಿನಿಂದಲೇ ಮಾತಾಡುವಳು. ಎದುರಿಗೆ ಸಿಕ್ಕ ನಮ್ಮಂಥವರಿಗೆ ಮಾತ್ರ ನಾಲಿಗೆ ಚುರುಕು. ರಾಜಾಜಿನಗರದ ಮಾರ್ಕೆಟ್ಟು ಬಿಟ್ಟು ಅವಳು ಆಚೆ ಹೋದದ್ದು ನಾನು ಕಂಡಿರಲೇ ಇಲ್ಲ. ಸಂಘದ ಕಟ್ಟಳೆಯಂತೆ ಅವಳನ್ನು ಸೌದೆ ಡಿಪೋದ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿದೆವು. ನಲವತ್ತೆಂಟು ಕೆ.ಜಿ. "ಸೌದೆ ಆಗಿದ್ರೆ ಎರಡು ತಿಂಗಳು ಬರ್ತಿತ್ತು, ಅಲ್ವೇನೋ?" ಎಂದು ನಗುತ್ತಾ ಇಳಿದಳು.

ಆ ವರ್ಷದ ಭಾನುವಾರಗಳನ್ನು ಹೇಗೆ ಹೇಳಲಿ? ಬೆಳಿಗ್ಗೆ ಐದಕ್ಕೆ ನಾನು ಏಳುವ ಹೊತ್ತಿಗೆ ಅವಳು ತಲೆ ಬಾಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಾಗಡಿ ರಸ್ತೆ, ಮೂಡಲಪಾಳ್ಯ, ಅಲ್ಲಿಂದಾಚೆ ಆಗ ಬರೀ ರಾಗಿ ಹೊಲ. ಮಲ್ಲತ್ತಹಳ್ಳಿ ಕೆರೆಯ ಏರಿಯ ಮೇಲೆ ಎಲ್ಲರೂ ಇಳಿದು ಒಂದು ಗಳಿಗೆ ಸುಧಾರಿಸಿಕೊಳ್ಳುವುದು. ಮೊದಲ ಸಲ ಅತ್ತೆ ಕೆರೆಯ ಮೇಲಿನ ಮಂಜು ನೋಡಿದವಳು ಕೂರಲೇ ಇಲ್ಲ. "ಇದು ದಿನಾ ಹಿಂಗೇ ಇರುತ್ತಾ?" ಎಂದು ಕೇಳಿದಳು. ದಿನಾ ಇರುತ್ತೆ ಅಂದೆ. "ನಾವು ಒಲೆ ಹಚ್ಚೋ ಹೊತ್ತಲ್ಲೂ?" ಅಂದಳು. ಹೂಂ ಅಂದೆ. ನಾನು ಅದನ್ನು ದೊಡ್ಡದು ಮಾಡಲಿಲ್ಲ. ನನ್ನ ಗಮನವೆಲ್ಲ ನನ್ನ ಮಂಡಿಚಿಪ್ಪಿನ ಮೇಲೆ.

ಕೆಂಪಣ್ಣ ಹೇಳಿದ್ದು ನಿಜವಾಯಿತು. ಜೀವ ಇರುವ ತೂಕ ಮಾತಾಡಿತು. "ಬಲಗಾಲಲ್ಲೇ ತುಳೀತೀಯ, ಎಡಗಾಲೇನು ನೆಂಟರ ಮನೇಗ್ ಬಂದಿದ್ಯಾ?" ಎಂದಿತು. ಏರು ಬಂದಾಗ ನಾನು ಎದ್ದು ನಿಂತು ದಡಬಡ ತುಳಿದರೆ ಹಿಂದಿನಿಂದ ಅಂಗಿ ಹಿಡಿದು ಎಳೆಯಿತು. "ಅವಸರ ಯಾಕೋ? ರಾಗಿ ಬೀಸೋ ಥರ ತುಳಿ. ನಾವು ಮೂರು ಸೇರು ಬೀಸ್ತಿದ್ವಿ, ಬೆವರೂ ಬರ್ತಿರಲಿಲ್ಲ. ಕಲ್ಲು ಎಷ್ಟು ತಿರುಗುತ್ತೋ ಅಷ್ಟೇ ತಿರುಗಿಸ್ಬೇಕು." ಆಮೇಲೆ ಪ್ರತಿಯೊಂದು ತುಳಿತಕ್ಕೂ ಅವಳು ಹಿಂದೆ ಕೂತು ಮೆಲ್ಲಗೆ "ಹೂಂ... ಹೂಂ..." ಎನ್ನುತ್ತಿದ್ದಳು. ಆ ಹೂಂಕಾರದ ಲಯಕ್ಕೆ ನನ್ನ ಕಾಲು ಒಗ್ಗಿಹೋಯಿತು. ನಾಗರಭಾವಿ ಕಡೆಯ ಏರನ್ನು ಅವಳನ್ನು ಹೊತ್ತುಕೊಂಡು, ಒಮ್ಮೆಯೂ ಸೀಟಿನಿಂದ ಏಳದೆ ಹತ್ತಿದ ದಿನ ಕೆಂಪಣ್ಣ ನನ್ನ ಬೆನ್ನು ತಟ್ಟಲು ಬಂದವರು ಅತ್ತೆಯ ಕಡೆ ತಿರುಗಿ ಕೈಮುಗಿದರು. ಅವಳು ಸೆರಗಿನ ಹಿಂದೆ ನಕ್ಕಳು.

ಸವಾರಿಯ ದಿನ ಬಂತು. ಆ ದಿನ ಹಿಂದೆ ತೂಕವಿಲ್ಲ. ತೂಕಗಳೆಲ್ಲ ಪುಳಿಯೋಗರೆಯ ಜೊತೆ ಮೆಟಡಾರ್‌ನಲ್ಲಿ ತಡವಾಗಿ ಬರುತ್ತವೆ. ನಾನು ಮಾಡಿದ ತಪ್ಪು ನಮ್ಮ ಸಂಘದವರು ಮಾತ್ರ ಮಾಡಬಲ್ಲ ತಪ್ಪು. ಮೂರು ತಿಂಗಳು ನಲವತ್ತೆಂಟು ಕೆ.ಜಿ. ಹೊತ್ತ ಕಾಲಿಗೆ ಒಮ್ಮೆಲೇ ಬಿಡುಗಡೆ! ಯಶವಂತಪುರ ದಾಟುವಷ್ಟರಲ್ಲಿ ನನಗೆ ಅಮಲೇರಿತ್ತು. ಸೈಕಲ್ ತಾನಾಗಿ ಓಡುತ್ತಿದೆ, ರಸ್ತೆ ಖಾಲಿ, ಆಕಾಶ ಕೆಂಪಾಗುತ್ತಿದೆ, ಮುಖಕ್ಕೆ ಹೊಡೆಯುವ ಚಳಿಗೂ ಒಂದು ರುಚಿ. ಹಿಂದಿನಿಂದ ಕೆಂಪಣ್ಣ "ಸಾಮೀ, ಹಿಂದೆ ಯಾರೂ ಇಲ್ಲ ಅಂತ ಹಾರ್ಬೇಡಿ!" ಎಂದು ಕೂಗಿದ್ದು ಕೇಳಿಸಿತು. ನಾನು ಇನ್ನೂ ಹಾರಿದೆ. ನೆಲಮಂಗಲದಲ್ಲಿ ನಾನೇ ಮೊದಲು, ಡಾಬಸ್‌ಪೇಟೆಯಲ್ಲಿ ನಾನೇ ಮೊದಲು. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ನನ್ನ ತೊಡೆಗಳು ನನ್ನವಾಗಿರಲಿಲ್ಲ.

ಏರು ಶುರುವಾಗುವ ಮುನ್ನ ಒಂದು ಮೋರಿಯಿದೆ. ಅದರ ಕಟ್ಟೆಯ ಮೇಲೆ ಕುಸಿದೆ. ಸಂಘದವರು ಒಬ್ಬೊಬ್ಬರೇ ಬಂದು, ನನ್ನನ್ನು ನೋಡಿ, ಹತ್ತಿಹೋದರು. ಕೆಂಪಣ್ಣ ಹತ್ತಿದ್ದನ್ನು ಆ ಸಂಕಟದಲ್ಲೂ ಕಣ್ಣು ಕೀಳದೆ ನೋಡಿದೆ. ಮೈ ಅಲುಗಲಿಲ್ಲ, ಹೆಗಲು ಏಳಲಿಲ್ಲ. ಬೆಟ್ಟವೇ ಮೆಲ್ಲಗೆ ಅವರ ಕಡೆಗೆ ಇಳಿದು ಬರುತ್ತಿರುವ ಹಾಗಿತ್ತು. ಅರ್ಧ ಗಂಟೆಯ ಮೇಲೆ ಮೆಟಡಾರ್ ಬಂತು. ನನ್ನನ್ನು ಕಂಡು ನಿಂತಿತು. ಅತ್ತೆ ಇಳಿದಳು.

"ಏನೋ ಇದು?"

"ಕಾಲು ಸತ್ತೋಗಿದೆ ಅತ್ತೆ. ಸೈಕಲ್ಲನ್ನ ವ್ಯಾನ್ ಮೇಲೆ ಹಾಕ್ಸು. ನಾನೂ ಮೆಟಡಾರ್ ಹತ್ತಿಬಿಡ್ತೀನಿ. ಸಾಕು ಈ ಸೈಕಲ್ ಸಹವಾಸ."

"ಹತ್ತು. ಯಾರ್ ಬೇಡ ಅಂದ್ರು? ನಿಂಗೆ ಆಫೀಸಿದೆ, ಸ್ನೇಹಿತರಿದಾರೆ. ನೀನು ಇದನ್ನ ಹತ್ತಿದ್ರೆ ನನ್ನ ಭಾನುವಾರ ಎಲ್ಲಿಗೆ ಹೋಗುತ್ತೆ? ಅದನ್ನ ಯೋಚಿಸಿದ್ಯಾ?"

ಯೋಚಿಸಿರಲಿಲ್ಲ. ದೇವರಾಣೆ, ಒಂದು ಕ್ಷಣವೂ ಯೋಚಿಸಿರಲಿಲ್ಲ. ಪಾಪ, ಮುದುಕಿ ನನ್ನ ತಾಲೀಮಿಗೆ ಸಹಾಯ ಮಾಡುತ್ತಿದ್ದಾಳೆ ಎಂದೇ ಮೂರು ತಿಂಗಳೂ ತಿಳಿದಿದ್ದೆ.

ಅವಳು ಮೆಟಡಾರ್‌ನವನಿಗೆ "ನೀನು ಹೋಗಪ್ಪ, ಪುಳಿಯೋಗರೆ ಆರೋಗುತ್ತೆ" ಅಂದಳು. ಪುಳಿಯೋಗರೆ ಬೆಳಗಿನ ಜಾವವೇ ಆರಿತ್ತು, ಅದು ಬೇರೆ ಮಾತು. ವ್ಯಾನು ಹೋದ ಮೇಲೆ ಚಪ್ಪಲಿ ಬಿಚ್ಚಿ ನನ್ನ ಕ್ಯಾರಿಯರ್‌ಗೆ ಸಿಕ್ಕಿಸಿದಳು. "ತಗೋ, ನನ್ನ ತೂಕ. ಏಳು."

ಹತ್ತಿದೆ. ನಾನು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನ ಹಾಗೆ ಅಡ್ಡಡ್ಡ ತುಳಿಯುವುದು, ಅವಳು ನಡುವೆ ನೆಟ್ಟಗೆ ನಡೆಯುವುದು. ಇಬ್ಬರ ವೇಗವೂ ಒಂದೇ ಆಯಿತು. "ಹೂಂ... ಹೂಂ..." ಬಂಡೆಗಳು, ಕುರುಚಲು ಕಾಡು, ಕೆಳಗೆ ಸಣ್ಣದಾಗುತ್ತಿರುವ ಹೊಲಗಳು. ನಾನು ಅವಳ ಬರಿಗಾಲನ್ನೇ ನೋಡುತ್ತಾ ತುಳಿದೆ. ಅವು ಒಮ್ಮೆಯೂ ನಿಲ್ಲಲಿಲ್ಲ. ಕೊನೆಯ ತಿರುವಿನಲ್ಲಿ ಮೇಲಿನಿಂದ ಹಾರನ್ ಹೊಡೆಯುತ್ತಾ ಒಂದು ಬಸ್ಸು ಇಳಿದುಬಂತು. ಅಡ್ಡಡ್ಡ ಹೋಗಲು ಜಾಗವಿಲ್ಲ, ನೆಟ್ಟಗೆ ತುಳಿಯಲು ಶಕ್ತಿಯಿಲ್ಲ. ಮುಗಿಯಿತು, ಇನ್ನು ಕಾಲಿಡಲೇಬೇಕು ಎಂದುಕೊಂಡೆ.

ನನ್ನ ರುಕ್ಕತ್ತೆ, ಬಾಗಿಲ ಹಿಂದಿನಿಂದ ಮಾತಾಡುವ ರುಕ್ಕತ್ತೆ, ನಡುರಸ್ತೆಯಲ್ಲಿ ಬಸ್ಸಿನ ಮುಂದೆ ಹೋಗಿ ಕೈ ಎತ್ತಿ ನಿಂತಳು.

ಬ್ರೇಕು ಕಿರ್ರೆಂದಿತು. ಡ್ರೈವರ್ ತಲೆ ಹೊರಗೆ ಹಾಕಿದ. "ಏನಮ್ಮಾ, ಸಾಯ್ಬೇಕಾ?"

"ಸಾಯೋಕಲ್ಲಪ್ಪ, ಇವತ್ತೇ ಬದುಕ್ತಾ ಇದೀನಿ. ಒಂದು ನಿಮಿಷ ನಿಲ್ಸು. ನಮ್ಮ ಹುಡುಗ ಕಾಲಿಡದೆ ಹೋಗ್ಬೇಕು."

ಡ್ರೈವರ್ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಏನು ತಿಳಿಯಿತೋ, ಎಂಜಿನ್ನೇ ಆಫ್ ಮಾಡಿದ. ಬೆಟ್ಟವೆಲ್ಲ ನಿಶ್ಶಬ್ದ. ಕಿಟಕಿಗಳಲ್ಲಿ ತಲೆಗಳೋ ತಲೆಗಳು. ನನ್ನ ಚೈನಿನ ಕಿರಿಕಿರಿ, ಅವಳ "ಹೂಂ", ಇವೆರಡೇ ಸದ್ದು. ಬಸ್ಸನ್ನು ದಾಟಿ, ತಿರುವು ದಾಟಿ, ಮೇಲೆ ಸಮತಟ್ಟಾದ ಜಾಗಕ್ಕೆ ಬಂದು ಬಿದ್ದೆ. ನಾನು ನೆಲದ ಮೇಲೆ ಮೀನಿನಂತೆ ಬಾಯಿ ಬಿಡುತ್ತಿದ್ದರೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು "ನೀರಿದ್ಯಾ? ಇವನಿಗೆ ಕೊಡಿ" ಎನ್ನುತ್ತಿದ್ದಳು. ಕೆಂಪಣ್ಣ ಅವಳ ಕಾಲು ನೋಡಿದರು. ಊಟದ ಮೊದಲ ಎಲೆ ಮೊದಲು ಹತ್ತಿದವನಿಗೆ ಎಂಬುದು ಸಂಘದ ಪದ್ಧತಿ. ಆ ಎಲೆಯನ್ನು ತಾವೇ ತಂದು ಅವಳ ಮುಂದೆ ಹಾಕಿದರು.

ಊಟವಾದ ಮೇಲೆ ಅವಳು ಬಂಡೆಯ ಅಂಚಿಗೆ ಹೋಗಿ ನಿಂತಳು. ನಾನು ಕುಂಟುತ್ತಾ ಹಿಂದೆ ಹೋದೆ. ಕೆಳಗೆ ಕಣ್ಣು ಹರಿಯುವಷ್ಟೂ ನೆಲ, ಕೆರೆಗಳು, ಬಿಸಿಲು.

"ನಮ್ಮನೆ ಯಾವ ಕಡೆ?"

ತೋರಿಸಿದೆ. ಕಾಣುವಂತಿರಲಿಲ್ಲ, ಆದರೂ ಬಹಳ ಹೊತ್ತು ಆ ಕಡೆಯೇ ನೋಡಿದಳು.

"ಅಲ್ಲಿಂದ ಇಲ್ಲಿಗೆ ಒಂದು ಬೆಳಿಗ್ಗೆ ಸಾಕಾ?"

"ಸಾಕು ಅತ್ತೆ."

"ಒಂದೇ ಬೆಳಿಗ್ಗೆ!" ಅಂದಳು. "ಇಷ್ಟು ವರ್ಷ ಯಾರೂ ನಂಗೆ ಹೇಳ್ಲೇ ಇಲ್ವಲ್ಲೋ."

ಆಮೇಲೆ ಆರು ವರ್ಷ ಅವಳ ಭಾನುವಾರಗಳು ನಡೆದವು. ಹೊಲಗಳು ಸೈಟುಗಳಾದವು, ಸಂಘದವರು ಸ್ಕೂಟರ್ ಕೊಂಡರು, ನಾನೂ ಕೊಂಡೆ. ಅತ್ತೆ ಹೋಗಿ ಬಹಳ ಕಾಲವಾಯಿತು. ಬೆಟ್ಟ ಅನೇಕ ಸಲ ನೋಡಿದ್ದೇನೆ, ಹಿಮಾಲಯದ ತಪ್ಪಲಿಗೂ ಹೋಗಿಬಂದಿದ್ದೇನೆ. ಬಸ್ಸಿನ ಮುಂದೆ ಕೈಯೆತ್ತಿ ನಿಂತ ಆ ಸಣ್ಣ ಹೆಂಗಸಿಗಿಂತ ದೊಡ್ಡದೇನನ್ನೂ ನಾನು ಕಂಡಿಲ್ಲ.

ಟೀ ಮುಗಿಸಿ ಸವಾರರು ಹೊರಟುಹೋದರು. ಹಾಲು ಹಿಡಿದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಹೆಂಡತಿ ಒಗ್ಗರಣೆಗೆ ಬಾಣಲೆ ಇಟ್ಟಿದ್ದಳು. ನಮ್ಮ ಮದುವೆಯಾಗಿ ಮೂವತ್ತನಾಲ್ಕು ವರ್ಷ. ಬಂದವರಿಗೆಲ್ಲ ನಾನು ಹೇಳಿಕೊಂಡು ಬಂದ ಒಂದು ಮಾತಿದೆ: "ನಮ್ಮವಳಿಗೆ ತಿರುಗಾಟ ಅಂದ್ರೆ ಆಗೋದೇ ಇಲ್ಲ." ಅವಳನ್ನು ಕೇಳಿ ಹೇಳಿದ ಮಾತಲ್ಲ ಅದು. ಬಾಗಿಲಲ್ಲಿ ನಿಂತು "ಇವತ್ತು ಎಲ್ಲಿಗಾದ್ರೂ ಹೋಗೋಣ್ವಾ?" ಎಂದು ಕೇಳಿದೆ.

ಎಲ್ಲಿಗೆ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಕೈ ಚಾಚಿ ಒಲೆ ಆರಿಸಿದಳು.

"ಹತ್ತು ನಿಮಿಷ ಇರಿ" ಅಂದಳು. "ಸೀರೆ ಬದಲಾಯಿಸ್ಕೊಂಡ್ ಬರ್ತೀನಿ."