ಸ್ಲ್ಯಾಬಿನ ದಿನ ಹುಗ್ಗಿ ತಡೆದ ಹಣಮವ್ವ

ಬೆಳಗಿನ ಐದೂವರೆ. ಕೃಷ್ಣೆಯ ಮೇಲಿಂದ ಬೀಸುವ ಚಳಿಗಾಳಿಗೆ ಅನಗವಾಡಿಯ ಕೋಳಿಗಳು ಕೂಗಲೋ ಬೇಡವೋ ಎಂದು ಇನ್ನೂ ಯೋಚನೆ ಮಾಡುತ್ತಿವೆ. ಊರ ಹೊರಗಿನ ಹಳ್ಳಕ್ಕೆ ಹೊಸದಾಗಿ ಕಟ್ಟಿದ ಪುಟ್ಟ ಸೇತುವೆಯ ಮೇಲೆ ಐವತ್ತೆಂಟು ವರ್ಷದ ಹಣಮವ್ವ ಕಚ್ಚೆ ಬಿಗಿದು, ಪ್ಲಾಸ್ಟಿಕ್ ಕೊಡ ಹೊತ್ತು ಓಡಾಡುತ್ತಿದ್ದಾರೆ. ಸ್ಲ್ಯಾಬಿನ ಮೇಲೆ ಕೆಸರಿನಿಂದ ಸಣ್ಣ ಸಣ್ಣ ಮಡಿ ಕಟ್ಟಿ, ಒಂದೊಂದಕ್ಕೂ ನೀರು ತುಂಬುತ್ತಾರೆ. ಕಾಂಕ್ರೀಟು ಬಿರುಕು ಬಿಡದೆ ಗಟ್ಟಿಯಾಗಬೇಕೆಂದರೆ ಹೀಗೆ ದಿನಗಟ್ಟಲೆ ನೀರು ಕುಡಿಸಬೇಕು. ದಿನಕ್ಕೆ ನೂರಾ ನಲವತ್ತು ಕೊಡ, ಇಂದಿಗೆ ಇಪ್ಪತ್ತೊಂದನೇ ದಿನ.

ಇವತ್ತು ಹತ್ತು ಗಂಟೆಗೆ, ಕಾಂಕ್ರೀಟನ್ನು ಕೆಳಗಿನಿಂದ ಹೊತ್ತು ನಿಂತ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಾರೆ. ಬಿಚ್ಚಿದಾಗ ಸ್ಲ್ಯಾಬಿನ ತಳದಲ್ಲಿ ಒದ್ದೆಯ ಒಂದು ಗೆರೆ ಕಂಡರೂ ಕತೆ ಮುಗಿಯಿತು. ಎಂಜಿನಿಯರ್ ಪ್ರತಿಮಾ ಅದನ್ನು ಒಡೆಸುತ್ತಾರೆ, ಗುತ್ತಿಗೆದಾರ ಭೀಮಶಿಯ ಹೆಸರು ಇಲಾಖೆಯ ಪಟ್ಟಿಯಿಂದ ಬಿದ್ದುಹೋಗುತ್ತದೆ, ಆತನ ಹದಿನೆಂಟು ಆಳುಗಳು ಬೇರೆ ಕೆಲಸ ಹುಡುಕಬೇಕು. ಎಲ್ಲರಿಗಿಂತ ಮೊದಲು ಮನೆಗೆ ಹೋಗುವವರು ಹಣಮವ್ವ. ಹಾಗೆಂದು ಭೀಮಶಿ ಎಲ್ಲರ ಮುಂದೆಯೇ ಹೇಳಿಬಿಟ್ಟಿದ್ದಾನೆ.

ಹಲಗೆ ಬಿಚ್ಚುವ ದಿನವೂ ಇಷ್ಟು ನೀರು ಯಾಕೆ ಎಂದರೆ ಅವರು ಕೊಡ ಇಳಿಸುವುದೂ ಇಲ್ಲ. "ಸೋರೂದಿದ್ರ ಇವತ್ತ ಸೋರ್ಲಿರಿ, ಎಲ್ಲಾರ ಕಣ್ಣ ಮುಂದ. ನಾಳಿ ಮಂದಿ ಮ್ಯಾಲ ಅಡ್ಡಾಡಾಕ ಹತ್ತಿದ ಮ್ಯಾಲ ಸೋರಿದ್ರ?"

ಈ ಕೊನೆಯ ಮಾತಿನ ಧಾಟಿಯೇ ಹಣಮವ್ವನ ಗುರುತು. ‘ಹಂಗಾದ್ರ? ಹಿಂಗಾದ್ರ?’ ಎಂದು ಕೇಳದೆ ಅವರು ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಆಳುಗಳು ಬೆನ್ನ ಹಿಂದೆ ‘ಹಂಗಾದ್ರವ್ವ’ ಎನ್ನುತ್ತಾರೆ. ಎದುರಿಗೇ ಅನ್ನುವ ಧೈರ್ಯಸ್ಥರೂ ಇಬ್ಬರು ಮೂವರಿದ್ದಾರೆ. ಗಂಡ ಗಿರಮಲ್ಲಪ್ಪನ ದೂರು ಇನ್ನೂ ಹಳೆಯದು. "ತಾಳಿ ಕಟ್ಟಾಗ ಕಿವಿಯಾಗ ಕೇಳ್ಯಾಳ್ರಿ, ‘ದಾರ ಹರದ್ರ?’ ಅಂತ. ನಾ ಗಾಬರಿಯಾಗಿ ಜಗ್ಗಿ ಬಿಗದ್ನಿ, ಖರೇನ ಹರೀತು. ಎರಡ್ನೇ ದಾರ ಆಕಿ ಸೆರಗಿನ್ಯಾಗ ಗಂಟ ಹಾಕ್ಕೊಂಡಽ ಬಂದಿದ್ಲು!" ಇದನ್ನು ಹೇಳುವಾಗ ಆತನ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಈ ಪ್ರಶ್ನೆ ಅವರಿಗೆ ಕುರಿಗಳಿಂದ ಬಂದದ್ದು. ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿಗಾರರ ಮನೆತನ. ಮದುವೆಯಾದ ಮೇಲೆ ಹದಿನೆಂಟು ವರ್ಷ ಗಂಡನ ಜೊತೆ ಕುರಿ ಹಿಂದೆ ನಡೆದರು. ಕುರಿ ತರುಬುವ, ಅಂದರೆ ಹಿಂಡನ್ನು ತಡೆದು ನಿಲ್ಲಿಸುವ ಜಾಗಕ್ಕೆ ಬಂದೊಡನೆ ಸುತ್ತ ಒಂದು ಸಲ ನಡೆದು, ತೋಳ ಯಾವ ಕಡೆಯಿಂದ ಬಂದೀತು, ನೀರು ಎತ್ತ ಹರಿದೀತು, ಪಕ್ಕದ ಬೆಳೆ ಯಾರದು ಎಂದು ನೋಡಿಕೊಂಡೇ ಗಂಟು ಇಳಿಸಬೇಕು. ಒಂದೇ ಒಂದು ಮಧ್ಯಾಹ್ನ, ಕಾಲು ಸೋತಿವೆಯೆಂದು, ಸುತ್ತು ಹಾಕದೆ ತಗ್ಗಿನಲ್ಲೇ ಮರಿಗಳನ್ನು ಬಿಟ್ಟರು. ಅರ್ಧ ತಾಸಿನಲ್ಲಿ ಆಣೆಕಲ್ಲಿನ ಮಳೆ ಸುರಿದು ನಲವತ್ತು ಮರಿ ಹೋದವು. "ಅವತ್ತ ನಾ ಕೇಳಲಿಲ್ರಿ" ಎನ್ನುತ್ತಾರೆ ಹಣಮವ್ವ. ಈ ಮಾತಿಗೆ ಅವರು ನಗುವುದಿಲ್ಲ, ಕೇಳುವವರಿಗೂ ನಗು ಬರುವುದಿಲ್ಲ.

ಕುರಿ ಬಿಟ್ಟು ಕಾಂಕ್ರೀಟಿಗೆ ಬಂದು ಈಗ ಹದಿಮೂರು ವರ್ಷ. ಜಮಖಂಡಿಯ ಮನೆಗಳು, ಮುಧೋಳದ ಅಂಗಡಿ ಸಾಲು, ರಬಕವಿಯ ನೀರಿನ ಟಾಕಿ, ಎಲ್ಲದಕ್ಕೂ ನೀರುಣಿಸಿದ್ದಾರೆ. ಮುಧೋಳದಲ್ಲಿ ಹಸಿ ಕಾಂಕ್ರೀಟಿನ ಮೇಲೆ ಬೇಟೆನಾಯಿಯೊಂದು ಈ ತುದಿಯಿಂದ ಆ ತುದಿಗೆ ಓಡಿತ್ತು. ಹೆಜ್ಜೆಗಳು ಎಷ್ಟು ನೇರವೆಂದರೆ ಅಂಗಡಿಯವರು ಅದನ್ನು ಕಾಲು ಜಾರದಂತೆ ಮಾಡಿದ ಡಿಸೈನ್ ಎಂದೇ ತಿಳಿದು ಮೆಚ್ಚಿದರು. ಅಂದಿನಿಂದ ಹಣಮವ್ವನ ಲೆಕ್ಕದಲ್ಲಿ ನಾಯಿಯೂ ಸೇರಿದೆ.

ಆದರೆ ಅವರ ಎದೆಗೆ ನಾಟಿದ್ದು ಬನಹಟ್ಟಿಯ ಸ್ಲ್ಯಾಬು. ಎರಡು ವರ್ಷದ ಹಿಂದೆ ಅಲ್ಲಿ ಮಗ್ಗದ ಶೆಡ್ ಒಂದರ ಕೆಲಸ ಇದೇ ಭೀಮಶಿಯ ಕೈಯಲ್ಲಿತ್ತು. ಸ್ಲ್ಯಾಬ್ ಹಾಕುವ ದಿನ ಆಳುಗಳಿಗೆಲ್ಲ ಗೋದಿ ಹುಗ್ಗಿ ಉಣಿಸುವುದು ಈ ಕಡೆಯ ಪದ್ಧತಿ. ಹುಗ್ಗಿ ಹಾಕದ ಗುತ್ತಿಗೆದಾರನನ್ನು ಮಂದಿ ಮರುವರ್ಷವೂ ಆಡಿಕೊಳ್ಳುತ್ತಾರೆ. ಭೀಮಶಿ ಕೈ ಬಿಚ್ಚಿ ಬಡಿಸಿದ. ಒಂದು ಗಂಟೆಗೆ, ಸ್ಲ್ಯಾಬು ಅರ್ಧ ಮುಗಿದಿದ್ದಾಗ, ಬೆಲ್ಲದ ಹುಗ್ಗಿ, ಮೇಲೆ ಒಂದು ಸೌಟು ತುಪ್ಪ, ಬೇಡವೆಂದವರಿಗೆ ಎರಡು ಸೌಟು. ಉಂಡವರು ‘ಐದು ನಿಮಿಷ ಅಡ್ಡಾಗ್ತೇವ್ರಿ’ ಎಂದರು. ಎದ್ದಾಗ ಮೂರೂವರೆ. ಅಷ್ಟರಲ್ಲಿ ಬೆಳಗಿನ ಕಾಂಕ್ರೀಟು ಬಿಗಿದು ಕೂತಿತ್ತು. ಮಧ್ಯಾಹ್ನದ ಹಸಿ ಕಾಂಕ್ರೀಟು ಅದರ ಪಕ್ಕ ಕೂತಿತೇ ಹೊರತು ಕೂಡಲಿಲ್ಲ. ಇಪ್ಪತ್ತೊಂದು ದಿನದ ಮೇಲೆ ಹಲಗೆ ಬಿಚ್ಚಿದರೆ ತಳದಲ್ಲಿ ಸೀರೆಯ ದಡಿಯಂತೆ ಉದ್ದಕ್ಕೆ ಒದ್ದೆ ಗೆರೆ. ಮಾಲೀಕ ಒಡೆಸಿದ.

"ಇಪ್ಪತ್ತೊಂದ ದಿನ ನೀರ ಕುಡಿಸಿದ್ನಿರಿ. ಒಡಿಯಾಕ ಮೂರ ತಾಸ ಸಾಕಾತು. ನಾ ಅತ್ನಿರಿ, ಎದಕ್ಕ ಸುಳ್ಳ ಹೇಳ್ಲಿ" ಎನ್ನುತ್ತಾರೆ ಹಣಮವ್ವ.

ಇಷ್ಟಾದ ಮೇಲೆ ಭೀಮಶಿಗೆ ಅನಗವಾಡಿಯ ಸೇತುವೆ ಸಿಕ್ಕಿದ್ದೇ ದೊಡ್ಡದು. ಸಿಕ್ಕರೂ ಒಂದು ಷರತ್ತು. ಕೆಲಸದಲ್ಲಿ ಏನೇನು ಅಡ್ಡಿ ಬರಬಹುದು, ಬಂದರೆ ಏನು ಮಾಡುತ್ತೀರಿ, ಯಾರ ಹೊಣೆ ಎಂದು ಮೊದಲೇ ಬರೆದು ಕೊಡಬೇಕು. ಭೀಮಶಿ ಕಾಗದವೆಂದರೆ ಕೈ ಮುಗಿಯುವ ಮನುಷ್ಯ, ಬರೆಯುವ ಮನುಷ್ಯನಲ್ಲ. ಜಮಖಂಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ದುರಗೇಶನ ಹತ್ತಿರ ಹೋದ. ದುರಗೇಶ ಕಂಪ್ಯೂಟರಿನಲ್ಲಿ ಹುಡುಕಿ, ಕನ್ನಡಕ್ಕೆ ತಿರುಗಿಸಿ, ಒಂದು ತಾಸಿನಲ್ಲಿ ಅರವತ್ತೆರಡು ಪುಟದ ಯೋಜನೆ ಬೈಂಡ್ ಮಾಡಿ ಕೊಟ್ಟ. ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ ಬೇರೆ.

ಸೈಟಿನಲ್ಲಿ ನಿಂತು ಪ್ರತಿಮಾ ಅದನ್ನು ಓದಿದರು. ಒಂಬತ್ತನೇ ಪುಟದಲ್ಲಿ, ಭಾರಿ ಹಿಮ ಬಿದ್ದರೆ ದಾರಿಗೆ ಉಪ್ಪು ಉಗ್ಗುವುದು ಎಂದಿತ್ತು. ಮೂವತ್ತೊಂದನೇ ಪುಟದಲ್ಲಿ, ಅನಗವಾಡಿ ಬಂದರಿಗೆ ಹಡಗು ತಡವಾಗಿ ಬಂದರೆ ಏನು ಮಾಡಬೇಕೆಂಬ ವಿವರವಿತ್ತು. ಸಮುದ್ರದ ಅಲೆಗೇ ಮೂರು ಪುಟ.

"ಭೀಮಶಿಯವರ, ಇದ್ರಾಗ ಹಡಗ ಐತಿ, ಹಿಮ ಐತಿ. ಹಳ್ಳದ ಸುದ್ದೀನ ಇಲ್ಲಲ್ರಿ?" ಎಂದರು ಪ್ರತಿಮಾ.

"ಉಪ್ಪಿಗಂತೂ ಕಾಳಜಿ ಬ್ಯಾಡ್ರಿ ಮ್ಯಾಡಮ್" ಎಂದು ಭೀಮಶಿ ಶೆಡ್ಡಿನ ಕಡೆ ಕೈ ತೋರಿಸಿದ. "ಎರಡ ಚೀಲ ತರಿಸಿ ಇಟ್ಟೇನ್ರಿ."

ದುರಗೇಶನನ್ನು ಈಗ ಕೇಳಿದರೂ ಆತನಿಗೆ ತನ್ನ ತಪ್ಪೇನೆಂದು ತಿಳಿದಿಲ್ಲ. "ಸೇತುವಿ ಪ್ಲಾನ್ ಅಂತ ಹುಡುಕಿದ್ನಿರಿ, ಮೊದಲ ಬಂದದ್ದ ಅದ. ಊರ ಹೆಸರ ಒಂದೂ ಬಿಡದಂಗ ಬದಲಿ ಮಾಡೇನ್ರಿ. ಬೇಕಾರ ಎಣಿಸ್ರಿ."

ಅಂದು ಹಣಮವ್ವ ಪಕ್ಕದಲ್ಲಿ ಗೋಣಿಚೀಲ ನೆನೆಸುತ್ತಿದ್ದರು. ತಡೆಯಲಾಗಲಿಲ್ಲ. "ಉಪ್ಪ ತಾಕಿದ್ರ ಕಬ್ಬಿಣದ ಸಳಿಗೆ ತುಕ್ಕ ಹಿಡೀತೈತಲ್ರಿ ಮ್ಯಾಡಮ್ಮಾರ. ಅದ ಮೊದಲ ಇಲ್ಲಿಂದ ಹೋಗ್ಲಿ. ಮತ್ತ ಹಿಮ ಬೀಳೂದಿರ್ಲಿ, ಮಿಕ್ಸರ್ ಬೆಲ್ಟ ಹರದ್ರ?"

ಪ್ರತಿಮಾ ನೀಲಿ ಪುಸ್ತಕ ಮುಚ್ಚಿ, ಸಿಮೆಂಟ್ ಚೀಲದ ಮೇಲೆ ಕೂತು ಪೆನ್ನು ತೆಗೆದರು. "ಹೇಳ್ರಿ ಹಣಮವ್ವಾರ." ಒಂದು ತಾಸು ಅವರು ಹೇಳಿದರು, ಇವರು ಬರೆದರು. ಬೆಲ್ಟು ಹರಿದರೆ, ಡೀಸೆಲ್ ತೀರಿದರೆ, ಕಬ್ಬಿನ ಟ್ರ್ಯಾಕ್ಟರ್ ತಿರುಗುವಾಗ ಸೆಂಟ್ರಿಂಗ್ ಕಂಬಕ್ಕೆ ಗುದ್ದಿದರೆ, ಕುರಿಹಿಂಡು ದಾಟಲು ಬಂದು ಜಲ್ಲಿ ತರುವ ಖಡಿ ಲಾರಿಗೆ ದಾರಿಯೇ ಇಲ್ಲದಂತಾದರೆ. ಒಟ್ಟು ಹದಿನಾರು. ಪಟ್ಟಿಯ ತಲೆಯಲ್ಲಿ ಹಣಮವ್ವ ಬರೆಸಿದ್ದು ಒಂದೇ ಪದ, ‘ಹುಗ್ಗಿ’.

ಭೀಮಶಿ ಹದಿನೈದನ್ನು ನುಂಗಿಕೊಂಡ, ಹುಗ್ಗಿ ಗಂಟಲಲ್ಲಿ ನಿಂತಿತು. "ಹುಗ್ಗಿ ಇಲ್ಲದ ಸ್ಲ್ಯಾಬ್ ಎಲ್ಲೆರ ಕೇಳಿಯೇನ್ ಬೇ? ಮಂದಿ ನನ್ನ ಮಾರಿ ನೋಡ್ತಾರೇನ?"

"ಇಲ್ಲ ಅಂದಿಲ್ರಿ ಸಾವಕಾರ್ರ. ಸ್ಲ್ಯಾಬ್ ಮುಗದ ಮ್ಯಾಲ ಅಂದ್ನಿ. ಮಧ್ಯಾಹ್ನ ರೊಟ್ಟಿ, ಝುಣಕ, ಮಜ್ಜಗಿ. ನಾಕ ನಾಕ ಮಂದಿ ಪಾಳಿ ಮ್ಯಾಲ ಉಣ್ಲಿ, ಕೆಲಸ ನಿಲ್ಲೂದ ಬ್ಯಾಡ."

"ಮಂದಿ ಸಿಟ್ಟಾಗಿ ಎದ್ದ ಹ್ವಾದ್ರ?" ಎಂದು ಭೀಮಶಿ ಮೊದಲ ಸಲ ತಾನೂ ‘ಹಂಗಾದ್ರ’ ಕೇಳಿದ. "ಹ್ವಾದ್ರ ನಾಳಿಂದ ನೀನೂ ಬರಬ್ಯಾಡ."

ಹಣಮವ್ವ ಒಪ್ಪಿದರು. ಆ ರಾತ್ರಿ ಊಟ ಸೇರಲಿಲ್ಲ ಎಂಬುದನ್ನು ಗಿರಮಲ್ಲಪ್ಪ ಹೇಳುತ್ತಾನೆ, ಅವರು ಹೇಳುವುದಿಲ್ಲ.

ಮರುದಿನವೇ ಉಪ್ಪಿನ ಚೀಲಗಳು ಅವರ ತಮ್ಮ ಮಾಳಿಂಗರಾಯನ ಹಟ್ಟಿ ಸೇರಿದವು. ಕುರಿಗೆ ಉಪ್ಪೆಂದರೆ ಹಬ್ಬ. ಉಪ್ಪಿಗೆ ಬದಲಾಗಿ ತಮ್ಮನಿಂದ ಒಂದು ಮಾತು ಪಡೆದರು, ಸ್ಲ್ಯಾಬಿನ ದಿನ ಅವನ ಹಿಂಡೂ ಅವನ ಗೆಳೆಯರ ಹಿಂಡುಗಳೂ ಹಳ್ಳವನ್ನು ಮೇಲುಗಡೆಯಿಂದ ದಾಟಬೇಕು. ಅರವತ್ತೆರಡು ಪುಟದಲ್ಲಿ ಕೆಲಸಕ್ಕೆ ಬಂದದ್ದು ಉಪ್ಪಿನ ಆ ಒಂದೇ ಸಾಲು.

ಸ್ಲ್ಯಾಬಿನ ದಿನ ಬೆಳಗಿನ ಆರಕ್ಕೆ ಮಿಕ್ಸರ್ ತಿರುಗಿತು. ಒಂಬತ್ತೂ ನಲವತ್ತಕ್ಕೆ ಬೆಲ್ಟು ಹರಿಯಿತು. ಹೊಸ ಬೆಲ್ಟು ಶೆಡ್ಡಿನ ಮೊಳೆಯಲ್ಲಿ ಹಿಂದಿನ ದಿನದಿಂದಲೇ ನೇತಾಡುತ್ತಿತ್ತು, ಹನ್ನೆರಡು ನಿಮಿಷದಲ್ಲಿ ಕೆಲಸ ಮತ್ತೆ ಶುರು. ಹಳ್ಳದ ದಂಡೆಯಲ್ಲಿ ಮೂರು ಕಲ್ಲಿನ ಒಲೆ ಹೊತ್ತಿಸಿ, ಮೇಲೆ ದೊಡ್ಡ ಹಂಡೆ ಇಟ್ಟು ಮುಚ್ಚಿದ್ದರು ಹಣಮವ್ವ. ಹೊಗೆ ಏಳುತ್ತಿತ್ತು. ಬುಟ್ಟಿ ಹೊತ್ತವರ ಕಣ್ಣು ಸ್ಲ್ಯಾಬಿನ ಮೇಲೆ ಒಂದು, ಹಂಡೆಯ ಮೇಲೆ ಒಂದು.

ಒಂದು ಗಂಟೆಗೆ ರೊಟ್ಟಿಯ ಬುಟ್ಟಿ ಬಿಚ್ಚಿದಾಗ ಗಾರೆ ಕೆಲಸದ ಹಿರಿಯ ಗೌಂಡಿ ಶಂಕರೆಪ್ಪ ಕರಣಿ ಕೆಳಗಿಟ್ಟ. "ಹುಗ್ಗಿ ಕುದಿಯಾಕತ್ತಿದ್ರ ರೊಟ್ಟಿ ಯಾರ ತಿಂತಾರಲೇ?" ಉಳಿದ ಆಳುಗಳೆಲ್ಲ ಅವನ ಹಿಂದೆ ಹೊರಟರು. ತಡೆಯಬೇಕಾಗಿದ್ದ ಭೀಮಶಿಯೇ, ಮಂದಿಯ ಮುಖ ನೋಡಿ ಕರಗಿ, ಸೌಟು ಹಿಡಿದು ಎಲ್ಲರಿಗಿಂತ ಮುಂದೆ ನಡೆದ. ಹಣಮವ್ವ ಅಡ್ಡ ಬರಲಿಲ್ಲ. ಸುಮ್ಮನೆ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದರು.

ಭೀಮಶಿ ಮುಚ್ಚಳ ಎತ್ತಿದ. ಒಳಗೆ ಬರೀ ಕುದಿಯುವ ನೀರು.

"ಗೋದಿ ಎಲ್ಲೈತಿ ಬೇ?"

"ಚೀಲದಾಗ ಐತ್ರಿ."

"ಯಾವಾಗ ಹಾಕ್ತಿ?"

"ಕಡೀ ಬುಟ್ಟಿ ಮ್ಯಾಲ ಹೋದಕೂಡ್ಲೇ ಹಾಕ್ತೇನ್ರಿ. ಕುದ್ಯಾಕ ಎರಡ ತಾಸ ಬೇಕ ನೋಡ್ರಿ, ಲಗೂನ ಮುಗಸ್ರಿ."

ಸೌಟು ಹಿಡಿದ ಗುತ್ತಿಗೆದಾರ, ಹಸಿದ ಹದಿನೆಂಟು ಮಂದಿ, ನಡುವೆ ಬಿಸಿನೀರು. ಈಗ ಇವರೆಲ್ಲ ಎದ್ದು ಹೋದರೆ ಎಂಬ ಪ್ರಶ್ನೆಗೆ ಮಾತ್ರ ತಮ್ಮ ಬಳಿ ಉತ್ತರ ಇರಲಿಲ್ಲ ಎಂದು ಹಣಮವ್ವ ಒಪ್ಪಿಕೊಳ್ಳುತ್ತಾರೆ. ಅಷ್ಟರಲ್ಲಿ ಶಂಕರೆಪ್ಪನ ಹೊಟ್ಟೆ ಕುಲುಕತೊಡಗಿತು. ಆತ ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಈ ಮುದುಕಿ ನಮ್ಮನ್ನ ಕುರಿ ಮಾಡಿ ತರಬ್ಯಾಳ ನೋಡ್ರಲೇ" ಎಂದು ರೊಟ್ಟಿ ಮುರಿದುಕೊಂಡ. ನಾಲ್ಕು ನಾಲ್ಕು ಮಂದಿ ಉಂಡರು, ಮಿಕ್ಸರ್ ನಿಲ್ಲಲಿಲ್ಲ.

ಬರೀ ನೀರಿನ ಹಂಡೆಗೆ ಬೆಳಗಿನಿಂದಲೇ ಒಲೆ ಯಾಕೆ ಹಚ್ಚಿದಿರಿ ಎಂದರೆ ಅವರ ಉತ್ತರ ಸಿದ್ಧವಿದೆ. "ಹೊಗಿ ಕಂಡ್ರ ಮಂದಿಗೆ ಧೈರ್ಯರಿ. ಒಲಿ ಹಚ್ಚದಿದ್ರ ಹತ್ತಕ್ಕಽ ಜಗಳ ತಗೀತಿದ್ರು."

ಐದೂ ಹತ್ತಕ್ಕೆ ಕೊನೆಯ ಬುಟ್ಟಿ ಮೇಲೆ ಹೋಯಿತು, ಚೀಲದಲ್ಲಿ ಕುಟ್ಟಿಟ್ಟಿದ್ದ ಗೋದಿ ಹಂಡೆಗೆ ಬಿತ್ತು. ಏಳೂವರೆಗೆ ಹುಗ್ಗಿ. ಉಂಡವರು ಅಲ್ಲೇ ಉರುಳಿದರು. ಆಗ ಯಾರೂ ಯಾರನ್ನೂ ಎಬ್ಬಿಸಲಿಲ್ಲ.

ಅದಾಗಿ ಇಪ್ಪತ್ತೊಂದನೇ ದಿನ ಇಂದು, ಈಗ ಹತ್ತು ಗಂಟೆ. ಹಲಗೆಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಭೀಮಶಿ ದೂರದಲ್ಲಿ ಜೀಪಿಗೆ ಒರಗಿ, ಆ ಕಡೆ ಯಾರೂ ಇಲ್ಲದ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಾನೆ. ಪ್ರತಿಮಾ ಟಾರ್ಚ್ ಹಿಡಿದು ಬಗ್ಗುವ ಮೊದಲೇ ಹಣಮವ್ವ ಸ್ಲ್ಯಾಬಿನ ಕೆಳಗೆ ನುಗ್ಗಿದ್ದಾರೆ. ತಲೆಯ ಮೇಲಿನ ಕಾಂಕ್ರೀಟಿಗೆ ಅಂಗೈ ಒತ್ತಿ, ಈ ತುದಿಯಿಂದ ಆ ತುದಿಗೆ ಸವರುತ್ತಾ ನಡೆಯುತ್ತಾರೆ. ಮರಿಯ ಬೆನ್ನು ನೇವರಿಸುವವರ ಹಾಗೆ ಮೆಲ್ಲಗೆ. ಟಾರ್ಚಿನ ಬೆಳಕು ಅವರ ಕೈಯ ಹಿಂದೆಯೇ ಸಾಗುತ್ತದೆ. ಮೇಲೆ ಮಡಿಗಳ ತುಂಬ ನೀರು ನಿಂತಿದೆ, ಕೆಳಗೆ ಒಂದು ಹನಿಯಿಲ್ಲ.

"ಒಣಾ ಐತ್ರಿ" ಎನ್ನುತ್ತಾರೆ ಪ್ರತಿಮಾ, ನಕ್ಕು. ಹಣಮವ್ವ ಒಂದು ಗಳಿಗೆ ಅಲ್ಲೇ ಕಂಬಕ್ಕೆ ಆನಿಕೊಂಡು ಕಣ್ಣು ಮುಚ್ಚುತ್ತಾರೆ.

ಭೀಮಶಿಗೆ ಜೀವ ಬಂದಿದೆ. ಓಡಿ ಬಂದವನು ತಾನೂ ಒಮ್ಮೆ ಮುಟ್ಟಿ ನೋಡಿ, ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. ಹರಿದ ಬೆಲ್ಟು, ಬಿಸಿನೀರು, ಬನಹಟ್ಟಿ ಯಾವುದೂ ಆತನಿಗೆ ಈಗ ನೆನಪಿಲ್ಲ. "ನೋಡಿದೇನ್ ಬೇ ಹಣಮವ್ವಾ? ಹಂಗಾದ್ರ, ಹಿಂಗಾದ್ರ ಅಂತ ಹದಿನಾರ ಬರಿಸಿ ನನ್ನ ಜೀವಾ ತಿಂದಿ. ಈಗ ಏನಾತು? ಏನೂ ಆಗಲಿಲ್ಲ!"

ಹಣಮವ್ವ ಅಂಗೈಗೆ ಅಂಟಿದ ಸಿಮೆಂಟಿನ ಹುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಹೌದ್ರಿ ಸಾವಕಾರ್ರ, ಏನೂ ಆಗಲಿಲ್ಲ. ನಾ ಮಾಡಿದ್ದ ಅದನ್ನಽ ರಿ."