ನೂಲು ಬಿಚ್ಚುವ ಅಮ್ಮನ ಬಲಗೈ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಆಸ್ಪತ್ರೆಯ ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿದರೆ ನೀಲಿ ಮಚ್ಚೆಯೊಂದು ಮೂಡಿತೇ ಹೊರತು ಗುರುತು ಬೀಳಲಿಲ್ಲ. ಎರಡನೇ ಸಲ ಒತ್ತಿಸಿದೆ, ಮೂರನೇ ಸಲ ಒತ್ತಿಸಿದೆ. ಅಷ್ಟರಲ್ಲಿ ಅವರಿಗೆ ನಗು ಬಂತು. ಪಾರ್ಶ್ವವಾಯು ಹೊಡೆದು ಬಲಗೆನ್ನೆ ಜೋತು ಬಿದ್ದಿತ್ತು, ಹಾಗಾಗಿ ನಗುವೂ ಎಡಗಡೆಗೇ ಬಂತು.

“ಗೆರೆಯೆಲ್ಲಾ ನೀರ್‌ಪಾಲಾಗೋಯ್ತು ಕಣವ್ವ. ರೇಷನ್ ಅಂಗ್ಡಿ ಮಿಷಿನ್ನೂ ನನ್ನ ಒಪ್ಪಾಕಿಲ್ಲ. ನೀನಾದ್ರೂ ಒಪ್ಕೊಂಬುಡು.”

ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ವರ್ಷದಿಂದ ಅವರು ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಕುದಿಯುವುದಕ್ಕೆ ಒಂದು ಹದ ಕಡಿಮೆಯಿರುವ ನೀರಿನ ಬೇಸಿನ್ನು, ಅದರಲ್ಲಿ ತೇಲುವ ಗೂಡುಗಳು. ಬೆರಳದ್ದಿ ಒಂದೊಂದು ಗೂಡಿನ ತುದಿ ಹುಡುಕಬೇಕು. ಕೂದಲಿಗಿಂತ ಸಣ್ಣ ಎಳೆ ಅದು. ಅದನ್ನು ಹಿಡಿದು, ರಾಟೆಗೆ ಸುತ್ತಿಕೊಳ್ಳುತ್ತಾ ಓಡುವ ನೂಲಿಗೆ ಸೇರಿಸಿ ಕೊಟ್ಟು, ಪಕ್ಕದ ತಣ್ಣೀರಿನ ಬಟ್ಟಲಲ್ಲಿ ಬೆರಳು ಅದ್ದಿ, ಮತ್ತೆ ಬಿಸಿನೀರಿಗೆ. ಆ ಎಳೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು ಎನ್ನುತ್ತಿದ್ದರು. ಈಗ ಆ ಬಲಗೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಘಟಕದ ಯಜಮಾನರು ಅವರನ್ನು ಕೆಲಸದಿಂದ ತೆಗೆದಿರಲಿಲ್ಲ, ಎಡಗೈಯಲ್ಲಿ ಕೆಟ್ಟ ಗೂಡು ಆರಿಸಲು ಕೂರಿಸಿದ್ದರು. ಬಿಸಿ ತಿಳಿಯದ ಕೈಯನ್ನು ಬೇಸಿನ್ನಿಗೆ ಬಿಡುವುದಿಲ್ಲ ಎಂಬ ಅವರ ಮಾತು ನ್ಯಾಯವಾದದ್ದೇ. ನಾನು ಅಮ್ಮ ಎಂದೇ ಕರೆಯುತ್ತಿದ್ದ ಅವರಿಗೆ ಮಾತ್ರ ಬೇಸಿನ್ನಿನ ಮುಂದಿನ ಆ ಮಣೆ ವಾಪಸ್ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರ ಮಿದುಳಿಗೆ ಹೊರಗಿನಿಂದ ಅಲ್ಟ್ರಾಸೌಂಡ್ ಕೊಟ್ಟರೆ ಕೈ ಬೇಗ ಚೇತರಿಸುತ್ತದೆಯೇ ಎಂದು ಬೆಂಗಳೂರಿನ ಆಸ್ಪತ್ರೆಯೊಂದು ಪರೀಕ್ಷೆ ನಡೆಸುತ್ತಿತ್ತು. ತಲೆಗೆ ಲೋಳೆ ಹಚ್ಚಿ, ಕಿವಿಗೆ ಕೇಳದ ಆ ಶಬ್ದ ಕೊಟ್ಟು, ಆಮೇಲೆ ಕೈಗೆ ವ್ಯಾಯಾಮ ಮಾಡಿಸುತ್ತಿದ್ದರು. ಅರ್ಧ ಜನಕ್ಕೆ ನಿಜವಾಗಿ ಕೊಡುತ್ತಾರೆ, ಉಳಿದರ್ಧಕ್ಕೆ ಯಂತ್ರವನ್ನು ಸುಮ್ಮನೆ ಇಟ್ಟು ತೆಗೆಯುತ್ತಾರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಕಡೆಯವರ ಕೈಯ ಅಳತೆಯನ್ನು ರಾಮನಗರದಲ್ಲೇ ತೆಗೆದು ಬರೆದಿಡುವುದು ನನ್ನ ಕೆಲಸ. ಯಂತ್ರ ಗೆಲ್ಲಬೇಕೆಂದು ನನಗೆ ಒಳಗೊಳಗೇ ಆಸೆಯಿತ್ತು. ಅಳತೆ ಮಾಡುವವಳಿಗೆ ಇರಬಾರದ ಆಸೆ ಅದು.

ಸ್ಪರ್ಶದ ಅಳತೆ ಹೀಗೆ: ರೋಗಿ ಕಣ್ಣು ಮುಚ್ಚಬೇಕು. ನಾನು ತೆಳ್ಳನೆಯ ನೈಲಾನ್ ದಾರದಿಂದ ಬೆರಳ ತುದಿ ಮುಟ್ಟಿ, “ಗೊತ್ತಾಯ್ತಾ?” ಎಂದು ಕೇಳಬೇಕು. ನಡುನಡುವೆ ಮುಟ್ಟದೆಯೂ ಕೇಳಬೇಕು. ಆಗ ಹೆಚ್ಚಿನವರು ಪಾಪ, ನನಗೆ ಬೇಜಾರಾದೀತೆಂದು “ಹ್ಞೂಂ” ಅಂದುಬಿಡುತ್ತಾರೆ. ಅಮ್ಮ ಒಂದು ಸಲವೂ ಅನ್ನಲಿಲ್ಲ. “ಇಲ್ಲ. ಬರ್ಕೊ,” ಅನ್ನುತ್ತಿದ್ದರು. ನಾನು ಪೆನ್ನು ಎತ್ತುವುದು ತಡವಾದರೆ, “ಅದ್ಯಾಕವ್ವ ಮುಖ ಸಣ್ಣಗೆ ಮಾಡ್ಕೊಂತೀಯ? ಇಲ್ಲ ಅಂದ್ರೆ ಇಲ್ಲ. ಮುಂದಿನ್ ಸಲ ಬತ್ತೀನಲ್ಲ, ಆಗ ಕೇಳು,” ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಒಂದು ದಿನ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. “ನೀನು ಮುಟ್ದೇನೇ ಮುಟ್ದಂಗೆ ಕೇಳ್ತೀಯಲ್ಲ, ಬೆಂಗ್ಳೂರಲ್ಲಿ ಆ ಮಿಷಿನ್ನೂ ಹಿಂಗೇ ಸುಮ್‌ಸುಮ್ನೆ ಇಟ್ಟಿರ್ತಾರೇನವ್ವ?”

ಒಪ್ಪಿಗೆ ಪತ್ರದಲ್ಲಿ ಅದನ್ನು ಓದಿ ಹೇಳಿದ್ದೆ ನಿಜ, ಆದರೆ ಯಾರೂ ಹೀಗೆ ಬಿಡಿಸಿ ಕೇಳಿರಲಿಲ್ಲ. “ಇಟ್ಟಿರಬಹುದು ಅಮ್ಮ. ನನಗೂ ಗೊತ್ತಿಲ್ಲ,” ಎಂದೆ.

“ಇಟ್ರೆ ಇಡ್ಲಿ ಬುಡು. ಅವ್ರ ಕೆಲ್ಸ ಅವ್ರು ಮಾಡ್ಲಿ, ನನ್ನ ಕೈಯ ನಾನು ಆಡುಸ್ತೀನಿ.”

ಆಡಿಸಿದರು ಕೂಡ. ಮಗಳಿಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅವಳ ಜೊತೆ ರೈಲು ಹತ್ತಿ, ಅವಳನ್ನು ಬಿಡದಿಯಲ್ಲಿ ಇಳಿಸಿ, ಒಬ್ಬರೇ ಬೆಂಗಳೂರಿಗೆ ಹೋಗಿಬರುತ್ತಿದ್ದರು. ದಾರಿಯುದ್ದಕ್ಕೂ ಸೆರಗಿನ ಅಂಚನ್ನು ಬಲಗೈಯಲ್ಲಿ ಮಡಿಸುವುದು, ಬಿಚ್ಚುವುದು. ಎದುರಿಗೆ ಕೂತವರು ಈ ಹೆಂಗಸಿಗೆ ತಲೆ ಸರಿಯಿಲ್ಲ ಅಂದುಕೊಂಡಿರಬೇಕು. ಒಂದು ಸಲವೂ ತಪ್ಪಿಸಲಿಲ್ಲ.

ತಟ್ಟೆಯಲ್ಲಿಟ್ಟ ಸಣ್ಣ ಕಡ್ಡಿಗಳನ್ನು ಬೆರಳಲ್ಲಿ ಎತ್ತಿ ಹಲಗೆಯ ತೂತುಗಳಿಗೆ ಸಿಗಿಸುವ ಪರೀಕ್ಷೆಯೂ ಇತ್ತು. ನಾನು ಕೈಗಡಿಯಾರ ಹಿಡಿದು ಕೂರುತ್ತಿದ್ದೆ. ಒಮ್ಮೆ ಅವರು ಎಲ್ಲ ಕಡ್ಡಿಗಳನ್ನೂ ಹಿಂದಿಗಿಂತ ಬಹಳ ಬೇಗ ಸಿಗಿಸಿದರು. ನಾನು ಕೂತಲ್ಲೇ ಕುಣಿಯುವುದೊಂದು ಬಾಕಿ. ಬರೆಯಲು ಬಗ್ಗಿದರೆ ಅವರ ಎಡಗೈ ನನ್ನ ಪೆನ್ನನ್ನು ಹಿಡಿದುಕೊಂಡಿತು.

“ಅದ ಬರೀಬ್ಯಾಡ. ಬೆರಳಲ್ಲಿ ಎತ್ನಿಲ್ಲ ಕಣವ್ವ, ತಟ್ಟೆ ಅಂಚಿಗೆ ಒತ್ಕೊಂಡು ಎತ್ದೆ. ನೀನು ನೋಡ್ನಿಲ್ಲ.”

“ಇರಲಿ ಬಿಡಿ ಅಮ್ಮ, ಸಿಗಿಸಿದ್ದಂತೂ ನೀವೇ ತಾನೆ?” ಎಂದೆ. ಹಾಗಂದದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಅವರಿಗೆ ಸಿಟ್ಟು ಬಂತು. “ಎಳೆ ಕಡ್ದೋದಾಗ ಸರ್ಯಾಗಿ ಕೊಡ್ದೆ ಹಂಗೇ ಸುತ್ಬುಟ್ರೆ ನೂಲಿನ ಲಡಿ ಚೆಂದಾಗೇ ಕಾಣ್ತದೆ. ಆಮೇಕೆ ಮಗ್ಗದ ಮ್ಯಾಲೆ ಕಿತ್ಕೊಂಡು ನೇಯೋನು ಬಾಯಿ ಬಡ್ಕೊಂತಾನೆ. ನನ್ನಂಗೇ ಕೈ ಬಿದ್ದೋದೋರು ನಾಳೀಕೆ ಈ ಮಿಷಿನ್ನ ನಂಬ್ಕೊಂಡು ಬರಾಕಿಲ್ವಾ? ಇನ್ನೊಂದಪ ಇಕ್ಕು, ಎತ್ತೀನಿ.”

ಮತ್ತೆ ಇಟ್ಟೆ. ಮೂರು ಕಡ್ಡಿ ಬಿದ್ದವು, ಹಿಂದಿನದಕ್ಕಿಂತ ಒಂದೆರಡು ಸೆಕೆಂಡು ಮಾತ್ರ ಕಡಿಮೆಯಾಯಿತು. ಬರೆದುಕೊಂಡೆ. ಓದು ಬಾರದ ಅವರು ಆ ಅಂಕಿಯನ್ನು ತುಸು ಹೊತ್ತು ನೋಡಿ ತಲೆಯಾಡಿಸಿದರು.

ಚಿಕಿತ್ಸೆಯ ವಾರಗಳು ಮುಗಿದ ಮೇಲೂ ಅಳತೆಗೆ ಬರುತ್ತಿದ್ದರು. ಹಾಗೆ ಬಂದ ಒಂದು ಬೆಳಿಗ್ಗೆ ತೋರುಬೆರಳಿಗೆ ದಾರ ತಾಗಿಸಿದೆ. ಅವರ ಹುಬ್ಬು ಅಲುಗಿತು. “ಐತೆ,” ಅಂದರು. ಮುಟ್ಟದೆ ಕೇಳಿದೆ. “ಇಲ್ಲ.” ಮುಟ್ಟಿ ಕೇಳಿದೆ. “ಐತೆ. ಒಸಿ ಐತೆ.” ಅವರ ಬಾಯಿಂದ ಬಂದ “ಐತೆ”ಯನ್ನು ಅನುಮಾನಿಸುವ ಅಗತ್ಯವೇ ಇರಲಿಲ್ಲ, ಆದರೂ ನಿಯಮದಂತೆ ಅಷ್ಟೂ ಸಲ ಕೇಳಿ ಬರೆದೆ.

ಮುಂದಿನ ತಿಂಗಳು ಘಟಕದ ಯಜಮಾನರು ಬೇಸಿನ್ನಿಗೆ ಕೂರಿಸಿ ಒಂದು ಸಲ ನೋಡೋಣ ಎಂದು ಒಪ್ಪಿದರು. ನಾನು ಪಕ್ಕದಲ್ಲಿರದೆ ಕೈ ಅದ್ದಕೂಡದೆಂದು ಗದರಿಸಿದ್ದೆ, ಹಾಗಾಗಿ ನನ್ನನ್ನು ಕರೆಸಿಕೊಂಡರು. ಅಮ್ಮ ತಮ್ಮ ಹಳೆಯ ಮಣೆಯ ಮೇಲೆ ಕೂತು ತೋರುಬೆರಳ ತುದಿಯನ್ನಷ್ಟೇ ನೀರಿಗೆ ತಾಗಿಸಿದರು. ಸರಕ್ಕನೆ ಕೈ ಎಳೆದುಕೊಂಡರು.

“ಅಯ್ಯಯ್ಯಪ್ಪಾ! ಸುಡ್ತದೆ ಕಣವ್ವ, ಸುಡ್ತದೆ!”

ಬೆರಳನ್ನು ತಣ್ಣೀರಿಗೆ ಅದ್ದಿ ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಕ್ಕಪಕ್ಕದ ಹೆಂಗಸರು ಕೆಲಸ ಬಿಟ್ಟು ಸುತ್ತ ಸೇರಿದರು. ಆಮೇಲೆ ಅಮ್ಮ ಗೂಡಿನ ತುದಿಗೆ ಕೈ ಹಾಕಿದರು. ಜಾರಿತು. ಮತ್ತೆ ಜಾರಿತು. ಎಷ್ಟೋ ಸಲದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಏನೋ ನಿಂತಿತು. ನನಗೆ ಏನೂ ಕಾಣಲಿಲ್ಲ. ಅವರು ಅದನ್ನು ಓಡುವ ನೂಲಿಗೆ ಕೊಟ್ಟರು. ನೀರಲ್ಲಿದ್ದ ಗೂಡು ಗಿರ್ರನೆ ತಿರುಗತೊಡಗಿತು.

ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಅವರು ಮಣೆಗೆ ಮರಳಿದರು. ಕೊನೆಯ ಅಳತೆಗೆ ಒಂದು ವಾರವಿದ್ದಾಗ ಮತ್ತೊಮ್ಮೆ ಪಾರ್ಶ್ವವಾಯು ಹೊಡೆಯಿತು. ಈ ಸಲ ಉಳಿಯಲಿಲ್ಲ.

ಮನೆ ಮುಂದೆ ಮಲಗಿಸಿದ್ದರು. ಹೂವಿನಡಿಯಿಂದ ಬಲಗೈ ಕಾಣುತ್ತಿತ್ತು. ನಾನು ಕೂತು ಆ ತೋರುಬೆರಳ ತುದಿ ಮುಟ್ಟಿದೆ, ಅಭ್ಯಾಸಬಲದಿಂದ ಉತ್ತರಕ್ಕೆ ಕಾದೆ. ಮಗಳು ನನ್ನ ಭುಜ ಹಿಡಿದು, “ಅಕ್ಕ, ನಮ್ಮವ್ವಂಗೆ ಕೊಟ್ಟಿದ್ದು ನಿಜವಾದ್ದೇನಾ?” ಎಂದು ಕೇಳಿದಳು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಮುಗಿಯುವವರೆಗೆ ನನಗೂ ತಿಳಿಸುವುದಿಲ್ಲ. “ಗೊತ್ತಿಲ್ಲ ಕಣಮ್ಮ,” ಎಂದೆ. ಅವರೆದುರು ಬೇರೆ ಮಾತು ಹೇಗೆ ಬಂದೀತು?

ಮರುದಿನ ಫೈಲು ತೆರೆದೆ. ಕೊನೆಯ ಭೇಟಿಯ ಖಾನೆ ಖಾಲಿಯಿತ್ತು. ಅವರು ಬಂದಿದ್ದರೆ ಎಷ್ಟು ಸೆಕೆಂಡಿನಲ್ಲಿ ಕಡ್ಡಿ ಸಿಗಿಸುತ್ತಿದ್ದರೆಂದು ನನಗೆ ಹೆಚ್ಚುಕಡಿಮೆ ಗೊತ್ತಿತ್ತು. ಅದನ್ನೇ ಬರೆದುಬಿಡೋಣವೆನಿಸಿತು. ಆಮೇಲೆ “ಅಳತೆ ಆಗಿಲ್ಲ” ಎಂದು ಬರೆದೆ.

ಬಲಗೈಯಲ್ಲಿ ಎಳೆ ಹಿಡಿದದ್ದಕ್ಕೆ ಆ ಫೈಲಿನಲ್ಲಿ ಖಾನೆಯೇ ಇಲ್ಲ. ಹಿಡಿದರು, ನಾನು ಪಕ್ಕದಲ್ಲೇ ಇದ್ದೆ. ಅದನ್ನು ಇಲ್ಲಿ ಬರೆದುಕೊಂಡಿದ್ದೇನೆ, ಅಮ್ಮ.