ಗೊಡೈವಾ ಆಗಿ ಕುದುರೆ ಹತ್ತಿದ ಹೆಪ್ಸಿ

ಹೆಪ್ಸಿ ಒಂದು ಕಡೆ ಕೂತವಳಲ್ಲ. ಗಾಡಿ ಹೊಡೆಯುವವನ ಮಗಳು, ಅಪ್ಪನ ಕುದುರೆಗಳ ಕಾಲ ಸಂದಿಯಲ್ಲೇ ಆಡಿ ಬೆಳೆದವಳು. ಇಂಗ್ಲೆಂಡಿನ ಕವೆಂಟ್ರಿ ಊರಿನ ಹಿಲ್‌ಫೀಲ್ಡ್ಸ್ ಕೇರಿಗೆ, ರಿಬ್ಬನ್ ನೇಯುವ ಏಬೆಲ್‌ನ ಹೆಂಡತಿಯಾಗಿ ಬಂದ ಮೇಲೆ ಅಟ್ಟದ ಮೇಲಿನ ಮಗ್ಗವೇ ಅವಳ ಚಡಪಡಿಕೆಗೆ ದಾರಿಯಾಯಿತು. ಲಾಳಿಗೆ ನೂಲು ತುಂಬುವುದು, ನೇಯ್ದದ್ದನ್ನು ಸುತ್ತಿಕೊಂಡು ಸಾಹುಕಾರರ ಮಳಿಗೆಗೆ ಓಡುವುದು, ಹೀಗೆ ದಿನ ಸರಿಯುತ್ತಿತ್ತು.

ಆಮೇಲೆ ಫ್ರಾನ್ಸಿನ ರಿಬ್ಬನ್ ಸುಂಕವಿಲ್ಲದೆ ಬಂದು ಇಳಿಯತೊಡಗಿತು. ಕೇರಿಯ ಮಗ್ಗಗಳು ಒಂದೊಂದಾಗಿ ನಿಂತವು. ಏಬೆಲ್ ಖಾಲಿ ಮಗ್ಗದ ಮುಂದೆ ಬೆಳಗಿಂದ ಸಂಜೆವರೆಗೆ ಕೂತಿರುತ್ತಿದ್ದ. ಅವನನ್ನು ನೋಡಲಾರದೆ ಹೆಪ್ಸಿ ಊರೆಲ್ಲ ಸುತ್ತಿ ಬರುತ್ತಿದ್ದಳು. ಅತ್ತೆ ಡೈನಾ ಮಾತ್ರ ತುಟಿ ಬಿಗಿಹಿಡಿದು ಆಲೂಗಡ್ಡೆ ಗಂಜಿ ಕಾಯಿಸುತ್ತಿದ್ದಳು.

ಆ ಬೇಸಿಗೆ ಗೊಡೈವಾ ಮೆರವಣಿಗೆ ಬಂತು. ಗೊಡೈವಾ ಕತೆ ಕೇಳದ ಮಗು ಆ ಊರಲ್ಲಿಲ್ಲ. ಜನರ ಮೇಲಿನ ತೆರಿಗೆ ಇಳಿಸೆಂದು ಅವಳು ದೊರೆಯಾದ ಗಂಡನನ್ನು ಬೇಡಿದ್ದು, ನೀನು ಬೆತ್ತಲೆ ಊರು ಸುತ್ತಿ ಬಂದರೆ ಇಳಿಸುತ್ತೇನೆಂದು ಅವನು ಅಂದದ್ದು, ಅವಳು ಕೂದಲನ್ನೇ ಹೊದ್ದು ಕುದುರೆ ಹತ್ತಿದ್ದು, ಊರಿಗೆ ಊರೇ ಕಿಟಕಿ ಬಾಗಿಲು ಮುಚ್ಚಿ ಅವಳ ಮಾನ ಕಾದದ್ದು. ಈಗಿನ ಮೆರವಣಿಗೆಯಲ್ಲಿ ಯಾವಳೋ ನಟಿ ಮೈಬಣ್ಣದ ಬಿಗಿ ಉಡುಪು ತೊಟ್ಟು, ಉದ್ದನೆಯ ಚೌರಿ ಕಟ್ಟಿಕೊಂಡು ಬರುತ್ತಾಳೆ. ಕಿಟಕಿ ಮುಚ್ಚುವವರಿಲ್ಲ, ಬಾಡಿಗೆಗೆ ಕೊಡುವವರೇ ಎಲ್ಲ.

ಮೆರವಣಿಗೆಯ ಹಿಂದಿನ ದಿನ ಹೋಟೆಲಿನ ಅಂಗಳದಲ್ಲಿ, ಗೊಡೈವಾ ಹತ್ತಬೇಕಿದ್ದ ಬಿಳಿ ಕುದುರೆ ಮುಂಗಾಲೆತ್ತಿ ನಿಂತದ್ದೇ ತಡ, ಲಂಡನ್ನಿನಿಂದ ಬಂದಿದ್ದ ನಟಿ ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿದಳು. ಗೇಟಿನ ಬಳಿ ನಿಂತು ನೋಡುತ್ತಿದ್ದ ಹೆಪ್ಸಿ ಒಳಗೆ ಬಂದು ಲಗಾಮು ಹಿಡಿದಳು, ಅದರ ಕಿವಿಯ ಬುಡ ಉಜ್ಜಿದಳು. ಕುದುರೆ ತಲೆ ತಗ್ಗಿಸಿತು. ಮೆರವಣಿಗೆ ನಡೆಸುವ, ಗಡಿಯಾರ ವ್ಯಾಪಾರದ ಸಾಹುಕಾರ ಪಾರ್ಜಿಟರ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾರ ಮನೆಯವಳೆಂದು ಕೇಳಿದ.

"ನೇಕಾರರ ಮನೆಯವಳು. ನಾನು ಹತ್ತೀನಿ, ಸಾಮಿ. ಆದ್ರೆ ಮೆರವಣಿಗೆ ನಮ್ಮ ಕೇರಿಗೂ ಬರ್ಬೇಕು."

ದೊಡ್ಡ ಮನುಷ್ಯರೆಲ್ಲ ತನ್ನ ಹಿಂದೆ ಬರುತ್ತಾರೆ, ನಿಂತ ಮಗ್ಗಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಲಿ ಎಂಬುದು ಅವಳ ಲೆಕ್ಕ. ಪಾರ್ಜಿಟರ್‌ಗೆ ಬೇರೆ ದಾರಿಯಿರಲಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ಏಬೆಲ್ ಮುಖ ಎತ್ತಲಿಲ್ಲ. "ಊರೆಲ್ಲ ನಿನ್ನ ನೋಡತ್ತೆ" ಅಂದ.

"ನೋಡ್ಲಿ. ಇಷ್ಟು ದಿನ ನಮ್ಮ ಕಡೆ ಯಾರು ನೋಡಿದ್ರು?"

ಅತ್ತೆ ಸೌಟು ಕೆಳಗಿಟ್ಟಳು. "ಆ ಬಟ್ಟೆ ತೊಟ್ಟು ಬೀದಿಗಿಳಿದ್ಯೋ, ಈ ಹೊಸ್ತಿಲು ತುಳೀಬೇಡ."

ಆದರೂ ಮರುದಿನ ಹೆಪ್ಸಿ ಆ ಬಟ್ಟೆ ತೊಟ್ಟು ಕುದುರೆ ಹತ್ತಿದಳು. ಪೇಟೆಯಲ್ಲಿ ಜನ ಕಿಕ್ಕಿರಿದಿದ್ದರು. ವಾದ್ಯದವರ ಗದ್ದಲದ ಮಧ್ಯೆ ಶಿಳ್ಳೆ, ಕೇಕೆ. ಯಾರೋ ಗುರುತು ಹಿಡಿದು, ಗಾಡಿಯವನ ಮಗಳು ದೊರೆಸಾನಿಯಾದಳೆಂದು ನಕ್ಕರು. ಕುದುರೆಯ ಬೆನ್ನಿನ ಬೆವರು ಅವಳ ತೊಡೆಗೆ ಅಂಟುತ್ತಿತ್ತು. ನಮ್ಮ ಕೇರಿ ಬರಲಿ, ಬೇಗ ಬರಲಿ ಎಂದು ಒಂದೇ ಸಮನೆ ಅಂದುಕೊಳ್ಳುತ್ತಿದ್ದಳು.

ಕೇರಿ ಬಂತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎರಡೂ ಕಡೆ ಬಾಗಿಲು ಹಾಕಿತ್ತು, ಅಟ್ಟದ ದೊಡ್ಡ ಕಿಟಕಿಗಳಿಗೆಲ್ಲ ಹಲಗೆಯೋ ಗೋಣಿಯೋ ಬಿದ್ದಿತ್ತು. ವಾದ್ಯದವರು ತಾವಾಗಿಯೇ ನುಡಿಸುವುದನ್ನು ನಿಲ್ಲಿಸಿದರು. ಹಿಂದೆ ಬರುತ್ತಿದ್ದ ದೊಡ್ಡ ಮನುಷ್ಯರಿಗೆ ನೋಡಲು ಒಂದು ಮಗ್ಗವೂ ಸಿಗಲಿಲ್ಲ. ಹೆಪ್ಸಿ ಲಗಾಮು ಎಳೆದು ಒಂದೊಂದೇ ಕಿಟಕಿ ನೋಡಿದಳು. ಇದು ಗೊಡೈವಾಗೆ ಕೊಟ್ಟ ಮರ್ಯಾದೆಯೋ, ತನ್ನ ಮುಖಕ್ಕೆ ಉಗಿದದ್ದೋ?

ಆಗ ತೆರೆದದ್ದು ಒಂದೇ ಬಾಗಿಲು, ಅವಳ ಮನೆಯದು. ಡೈನಾ ತನ್ನ ಕರಿ ಶಾಲು ಹಿಡಿದು ಕುದುರೆಯ ಪಕ್ಕಕ್ಕೆ ಬಂದಳು.

"ಹೊದ್ಕೊ. ಗಾಳಿ ಇದೆ."

ಗಾಳಿ ಇರಲಿಲ್ಲ. ಹೆಪ್ಸಿ ಹೊದ್ದಳು. ನೋಟ ಕೆಟ್ಟಿತು, ಶಾಲು ತೆಗೆಯೆಂದು ಪಾರ್ಜಿಟರ್ ಹಿಂದಿನಿಂದ ಹೇಳಿ ಕಳಿಸಿದ. ಅಷ್ಟರಲ್ಲಿ ಏಬೆಲ್ ಹೊರಗೆ ಬಂದು ಲಗಾಮು ಹಿಡಿದಿದ್ದ. ಯಾರ ಮಾತಿಗೂ ತಿರುಗದೆ ಮೆರವಣಿಗೆ ಮುಗಿಯುವ ತನಕ ಅವಳನ್ನು ನಡೆಸಿಕೊಂಡು ಹೋದ.

ಮರುದಿನ ಹೆಪ್ಸಿ, ಬಾಗಿಲು ಹಾಕಿದ್ದು ಯಾಕೆಂದು ಪಕ್ಕದ ಮನೆಯ ರೋಡಾಳನ್ನು ಕೇಳಿಯೇಬಿಟ್ಟಳು.

"ನಾನು ಹಾಕಿದ್ದು ಮರ್ಯಾದೆಗೆ ಕಣೇ" ಅಂದಳು ರೋಡಾ. "ಮಿಕ್ಕೋರು ಯಾಕೆ ಹಾಕಿದ್ರೋ, ನಾ ಹೇಗೆ ಹೇಳ್ಲಿ?"

ಕೆಲವರು ಅವಳನ್ನು ಕರೆದು ಬ್ರೆಡ್ಡು ಕೊಟ್ಟರು, ಕೆಲವರು ನಲ್ಲಿಯ ಹತ್ತಿರ ಕೊಡ ಸರಿಸಿಕೊಂಡರು. ಹೆಪ್ಸಿ ಪ್ರತಿ ಮುಖವನ್ನೂ ಓದಲು ಹೋಗಿ ಸೋತಳು, ಊಟ ಸೇರದೆ ಸೊರಗಿದಳು. ಮಗ್ಗಗಳಂತೂ ಮತ್ತೆ ಆಡಲಿಲ್ಲ. ಚಳಿಗಾಲಕ್ಕೆ ಮುಂಚೆ ಮೂವರೂ ಸಾಮಾನು ಹೇರಿಕೊಂಡು ಕೆಲಸ ಹುಡುಕಿ ಲೆಸ್ಟರ್ ಊರಿಗೆ ಹೊರಟರು. ಗಾಡಿ ಹೊಡೆಯುತ್ತಿದ್ದವಳು ಹೆಪ್ಸಿಯೇ. ದಾರಿಯಲ್ಲಿ, ಆವತ್ತು ಯಾಕೆ ಹೊರಗೆ ಬಂದಿರೆಂದು ಅತ್ತೆಯನ್ನು ಕೇಳಿದಳು.

ಡೈನಾ ಕರಿ ಶಾಲನ್ನು ಎಳೆದುಕೊಂಡಳು. "ಒಳಗೇ ಇರ್ಬೇಕು ಅಂತಾನೇ ಇದ್ದೆ. ಆಗ್ಲಿಲ್ಲ."

ಲೆಸ್ಟರಿನಲ್ಲಿ ಏಬೆಲ್ ಕಾರ್ಖಾನೆ ಸೇರಿದ. ಹೆಪ್ಸಿ ಕಲ್ಲಿದ್ದಲಿನ ಗಾಡಿ ಹಿಡಿದು ಮನೆಮನೆಗೆ ಹಾಕುತ್ತ ಮುದುಕಿಯಾದಳು. ಅಲ್ಲಿಯವರಿಗೆ ಅವಳು ಬರೀ ಇದ್ದಲಿನ ಹೆಪ್ಸಿ. ಯಾವ ಬೀದಿಯಲ್ಲೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಮೂಟೆ ಇಳಿಸಿ, ಬಾಗಿಲು ತೆರೆದವರ ಮುಖ ಒಂದು ಗಳಿಗೆ ಹುಡುಕುವವಳಂತೆ ನೋಡಿ, ಕುದುರೆಯನ್ನು ಮುಂದಕ್ಕೆ ಹೊಡೆಯುತ್ತಿದ್ದಳು.